ವರ್ಷದ ಹತ್ತು ಸಿನಿಮಾ: ಸ್ಟಾರ್ ಕೊಡದೆ ಪಟ್ಟಿ ಮಾಡುವುದು ಹೇಗೆ

ಹನ್ನೊಂದು ವರ್ಷದಿಂದ ಪ್ರತಿ ಡಿಸೆಂಬರ್ ಕೊನೆಗೆ ನನ್ನ ಇಷ್ಟದ ಹತ್ತು ಸಿನಿಮಾಗಳ ಪಟ್ಟಿ ಮಾಡುತ್ತಾ ಬಂದಿದ್ದೇನೆ. ಅದರಲ್ಲಿ ಮೊದಲ ನಾಲ್ಕು ಪಟ್ಟಿ ಬರೀ ಸುಳ್ಳು. ಒಂದು ವರ್ಷವಂತೂ ಮೂರು ಗಂಟೆಯ ಕಪ್ಪು ಬಿಳುಪು ಚಿತ್ರವೊಂದನ್ನು ಮೊದಲ ಸ್ಥಾನಕ್ಕೆ ಕೂರಿಸಿದ್ದೆ. ಇಂಟರ್ವಲ್ ಆದಮೇಲೆ ಅದರಲ್ಲಿ ಏನಾಯಿತು ಅಂತ ನನಗೆ ಗೊತ್ತಿಲ್ಲ, ನಿದ್ದೆ ಹೋಗಿದ್ದೆ. ಅದೇ ವರ್ಷ ಮೂರು ಸಲ ನೋಡಿ ನಕ್ಕಿದ್ದ ಕಾಮಿಡಿ ಹತ್ತರಲ್ಲೂ ಇರಲಿಲ್ಲ. ನನ್ನ ತಂಗಿ ಪಟ್ಟಿ ಓದಿ, "ಅಕ್ಕಾ, ಇದು ಯಾರದ್ದೇ?" ಅಂದಳು. ಅಲ್ಲಿಂದ ಮುಂದೆ ಪಟ್ಟಿ ಮಾಡುವ ರೀತಿಯನ್ನೇ ಬದಲಾಯಿಸಿದೆ.

ಕೆಲಸ ಡಿಸೆಂಬರ್‌ನಲ್ಲಿ ಶುರುವಾಗುವುದಿಲ್ಲ, ಜನವರಿಯಲ್ಲೇ ಶುರುವಾಗಬೇಕು. ಒಂದು ನೋಟ್‌ಬುಕ್ ಇಡಿ. ಮೊಬೈಲ್ ಆದರೂ ಸರಿ. ಸಿನಿಮಾ ನೋಡಿದ ಮರುದಿನ ಬೆಳಿಗ್ಗೆ ಎರಡೇ ಸಾಲು ಬರೆಯಿರಿ. ಅದೇ ರಾತ್ರಿ ಬೇಡ, ಆಗ ತಲೆ ತುಂಬಾ ಕ್ಲೈಮ್ಯಾಕ್ಸೇ ಇರುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಜೊತೆಗಾರರು ಇದರ ಬಗ್ಗೆ ಪ್ರಯೋಗ ಮಾಡಿದ್ದರು. ನಡೆದದ್ದನ್ನು ನೆನೆಯುವಾಗ ನಾವು ಅದರ ಅತಿ ತೀವ್ರ ಗಳಿಗೆ ಮತ್ತು ಅದರ ಕೊನೆ, ಈ ಎರಡಕ್ಕೇ ಜಾಸ್ತಿ ತೂಕ ಕೊಡುತ್ತೇವಂತೆ. ಎಷ್ಟು ಹೊತ್ತು ನಡೆಯಿತು ಅನ್ನೋದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಒಂದೂವರೆ ಗಂಟೆ ಬೇಜಾರು ಹಿಡಿಸಿ, ಕೊನೆಯ ಹತ್ತು ನಿಮಿಷ ಅಳಿಸಿದ ಸಿನಿಮಾ ನಮ್ಮ ಪಟ್ಟಿಯಲ್ಲಿ ಮೇಲೆ ಹತ್ತಿ ಕೂರುವುದು ಹೀಗೇ. ಅದಕ್ಕೇ ಎರಡು ಸಾಲಿನಲ್ಲಿ ಒಂದು ಸಾಲು ಸಿನಿಮಾದ ನಡುಭಾಗದ ಬಗ್ಗೆ ಇರಲಿ. ನಡುಭಾಗದಲ್ಲಿ ಏನೂ ನೆನಪಿಗೆ ಬರುತ್ತಿಲ್ಲವೇ? ಅದನ್ನೇ ಬರೆಯಿರಿ.

ಎಲ್ಲಿ, ಯಾರ ಜೊತೆ ನೋಡಿದಿರಿ ಅನ್ನುವುದನ್ನೂ ಗುರುತು ಹಾಕಿಕೊಳ್ಳಿ. ತುಂಬಿದ ಥಿಯೇಟರ್‌ನಲ್ಲಿ ನಾನೂರು ಜನರ ಜೊತೆ ನಕ್ಕ ಸಿನಿಮಾವೂ, ಜ್ವರದಲ್ಲಿ ಮಲಗಿಕೊಂಡು ಮೊಬೈಲ್‌ನಲ್ಲಿ ನೋಡಿದ ಸಿನಿಮಾವೂ ಒಂದೇ ತಕ್ಕಡಿಗೆ ಬರಬೇಕಾಗುತ್ತದೆ. ಅನ್ಯಾಯವೇ, ಆದರೆ ಗೊತ್ತಿರುವ ಅನ್ಯಾಯ ಪರವಾಗಿಲ್ಲ.

ಇನ್ನು ಯಾವ ಸಿನಿಮಾ ಯಾವ ವರ್ಷದ್ದು ಎಂಬ ಜಗಳ. ಸೆಪ್ಟೆಂಬರ್‌ನಲ್ಲಿ ಚಿತ್ರೋತ್ಸವಕ್ಕೆ ಬಂದದ್ದು ಮುಂದಿನ ಫೆಬ್ರವರಿಯಲ್ಲಿ ಥಿಯೇಟರ್‌ಗೆ ಬಂದು, ಜೂನ್‌ನಲ್ಲಿ ಒಟಿಟಿಗೆ ಬರಬಹುದು. ಆಸ್ಕರ್‌ನವರಿಗೂ ಇದು ತಲೆನೋವೇ. ಅದಕ್ಕೆ ಅವರು ಒಂದು ಗೆರೆ ಎಳೆದಿದ್ದಾರೆ: ಸಾಮಾನ್ಯ ವಿಭಾಗಗಳಿಗೆ ಸ್ಪರ್ಧಿಸುವ ಚಿತ್ರ ಆ ಕ್ಯಾಲೆಂಡರ್ ವರ್ಷದೊಳಗೆ ಅಮೆರಿಕದ ಗೊತ್ತುಪಡಿಸಿದ ನಗರಗಳಲ್ಲೊಂದರ ಥಿಯೇಟರ್‌ನಲ್ಲಿ ಸತತ 7 ದಿನ ಓಡಿರಬೇಕು. ನಿಮ್ಮ ಗೆರೆ ನೀವು ಎಳೆದುಕೊಳ್ಳಿ. ನನ್ನದು ಇಷ್ಟು: ದುಡ್ಡು ಕೊಟ್ಟು ಯಾರು ಬೇಕಾದರೂ ನೋಡಬಹುದಾದ ಮೊದಲ ದಿನ ಯಾವ ವರ್ಷದಲ್ಲಿದೆಯೋ ಆ ವರ್ಷ. ಹಳೆಯ ಚಿತ್ರಗಳಿಗೆ ಬೇರೆ ಪುಟ. ಯಾವ ನಿಯಮವಾದರೂ ಆದೀತು, ಇಷ್ಟದ ಸಿನಿಮಾ ಒಳಗೆ ಬರಲಿ ಅಂತ ಡಿಸೆಂಬರ್‌ನಲ್ಲಿ ಅದನ್ನು ಬಗ್ಗಿಸಬೇಡಿ. ನಾನು ಒಂದು ಸಲ ಬಗ್ಗಿಸಿದ್ದೇನೆ, ತಂಗಿ ಇನ್ನೂ ಅದನ್ನು ಹೇಳಿ ಆಡಿಕೊಳ್ಳುತ್ತಾಳೆ.

ಈಗ ಪಟ್ಟಿ. ಮೊದಲು ವರ್ಷದಲ್ಲಿ ನೋಡಿದ್ದನ್ನೆಲ್ಲ ಒಂದು ಕಡೆ ಬರೆದು, ಹತ್ತಕ್ಕೆ ಯಾವ ಕಾರಣಕ್ಕೂ ಬರಲ್ಲ ಅನ್ನಿಸುವುದನ್ನು ಹೊಡೆದುಹಾಕಿ. ಇಲ್ಲಿ ಯೋಚನೆ ಬೇಡ, ಕೈ ಓಡಲಿ. ಸಾಮಾನ್ಯವಾಗಿ ನನಗೆ ಇಪ್ಪತ್ತು ಉಳಿಯುತ್ತವೆ.

ಈ ಇಪ್ಪತ್ತಕ್ಕೆ ಸ್ಟಾರ್ ಕೊಡಲು ಹೋಗಬೇಡಿ. ನಾನು ಐದಕ್ಕೆ ಇಷ್ಟು ಅಂತ ಕೊಟ್ಟು ನೋಡಿದ್ದೇನೆ, ಇಪ್ಪತ್ತರಲ್ಲಿ ಹದಿಮೂರಕ್ಕೆ ನಾಲ್ಕೇ ಬಂತು. ನಾಲ್ಕೂವರೆ, ನಾಲ್ಕೂಕಾಲು ಅಂತ ಚೂರು ಮಾಡುತ್ತಾ ಹೋದೆ. ಅದಲ್ಲದೆ ಮಾರ್ಚ್‌ನಲ್ಲಿ ಕೊಟ್ಟ ನಾಲ್ಕು ಬೇರೆ, ನವೆಂಬರ್‌ನಲ್ಲಿ ಕೊಟ್ಟ ನಾಲ್ಕು ಬೇರೆ. ಕೈಯಲ್ಲಿರುವ ಅಳತೆಗೋಲೇ ಉದ್ದ ಗಿಡ್ಡ ಆಗುತ್ತಿದ್ದರೆ ಅಳೆದು ಏನು ಪ್ರಯೋಜನ?

ಎರಡೆರಡನ್ನೇ ಹೋಲಿಸಿ. ಇದು ಎಷ್ಟು ನಂಬರಿನ ಸಿನಿಮಾ ಅಂದರೆ ತಡವರಿಸುವವರೂ ಇದಾ ಅದಾ ಅಂದರೆ ಥಟ್ಟನೆ ಹೇಳುತ್ತಾರೆ. ಇಪ್ಪತ್ತರಲ್ಲಿ ಒಟ್ಟು 190 ಜೋಡಿ ಆಗುತ್ತವೆ, ಹೆದರಬೇಡಿ, ಅಷ್ಟೂ ಬೇಕಿಲ್ಲ. ಪ್ರತಿ ಸಿನಿಮಾಗೂ ಒಂದೊಂದು ಚೀಟಿ ಮಾಡಿ. ಎರಡು ಚೀಟಿ ತೆಗೆದು, ಇಷ್ಟವಾದದ್ದನ್ನು ಮೇಲೆ, ಇನ್ನೊಂದನ್ನು ಕೆಳಗೆ ಇಡಿ. ಮೂರನೆಯದರಿಂದ ಸಾಲಿನ ನಡುವಿನ ಚೀಟಿಯ ಜೊತೆ ಹೋಲಿಸಿ. ಅದಕ್ಕಿಂತ ಇಷ್ಟವೇ? ಹಾಗಾದರೆ ಮೇಲಿನ ಅರ್ಧದ ನಡುವಿನದರ ಜೊತೆ ಹೋಲಿಸಿ. ಇಲ್ಲವೇ? ಕೆಳಗಿನ ಅರ್ಧಕ್ಕೆ ಹೋಗಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಚೀಟಿ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಇಪ್ಪತ್ತನೆಯ ಚೀಟಿಗೂ ಐದಕ್ಕಿಂತ ಜಾಸ್ತಿ ಪ್ರಶ್ನೆ ಬೇಕಾಗುವುದಿಲ್ಲ. ಎಲ್ಲಾ ಸೇರಿ ಅಬ್ಬಬ್ಬಾ ಅಂದರೆ 69. ನನಗೆ ಒಂದು ಮಧ್ಯಾಹ್ನ ಹಿಡಿಯುತ್ತದೆ.

ಆದರೆ ಹೋಲಿಸುವಾಗ ಕೇಳಿಕೊಳ್ಳುವ ಪ್ರಶ್ನೆ ಯಾವುದು? ಎಲ್ಲವೂ ನಿಂತಿರುವುದು ಇದರ ಮೇಲೆ. "ಯಾವುದು ಚೆನ್ನಾಗಿದೆ" ಅಂತ ಕೇಳಿದರೆ ನನ್ನೊಳಗಿನ ವಿಮರ್ಶಕಿ ಎದ್ದು ಕೂರುತ್ತಾಳೆ. ಕ್ಯಾಮೆರಾ, ಸಂಕಲನ ಅಂತ ಶುರು ಮಾಡುತ್ತಾಳೆ, ಮತ್ತೆ ಆ ಮೂರು ಗಂಟೆಯ ಕಪ್ಪು ಬಿಳುಪು ಚಿತ್ರವೇ ಗೆಲ್ಲುತ್ತದೆ. ಹಾಗಾಗಿ ಕೆಲವು ವರ್ಷ "ಈ ರಾತ್ರಿ ಮತ್ತೆ ನೋಡು ಅಂದರೆ ಯಾವುದು?" ಅಂತ ಕೇಳಿಕೊಂಡೆ. ಇದು ಪ್ರಾಮಾಣಿಕ ಪ್ರಶ್ನೆ. ಆದರೆ ಭಾರವಾದ ಸಿನಿಮಾಗಳಿಗೆ ಇದರಿಂದ ಮೋಸವಾಗುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳ ಕತೆ ನೋಡಿ ನಾನು ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ. ಅದನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿಲ್ಲ. ಹಾಗಂತ ಅದು ಹದಿನೆಂಟನೇ ಸ್ಥಾನದ ಸಿನಿಮಾನಾ?

ಈಗ ನಾನು ಕೇಳಿಕೊಳ್ಳುವುದು ಇದು: "ಎರಡರಲ್ಲಿ ಒಂದನ್ನು ನೋಡಿಯೇ ಇಲ್ಲ ಅನ್ನೋ ಹಾಗೆ ತಲೆಯಿಂದ ಅಳಿಸಿಬಿಡುತ್ತಾರೆ. ಯಾವುದನ್ನು ಉಳಿಸಿಕೊಳ್ತೀಯ?" ಈ ಪ್ರಶ್ನೆಗೆ ತಲೆ ಸುಳ್ಳು ಹೇಳುವುದು ಕಷ್ಟ. ಕಾಮಿಡಿಯೂ ಗೆಲ್ಲಬಹುದು, ಆ ತಾಯಿಯೂ ಗೆಲ್ಲಬಹುದು. ಹೋದ ವರ್ಷ ಇವೆರಡೇ ಎದುರುಬದುರಾದವು. ಹತ್ತು ನಿಮಿಷ ಚೀಟಿ ಹಿಡಿದು ಕೂತಿದ್ದೆ. ತಾಯಿಯನ್ನೇ ಉಳಿಸಿಕೊಂಡೆ.

ಕೆಲವೊಮ್ಮೆ ಹೋಲಿಕೆ ಸುತ್ತು ಹೊಡೆಯುತ್ತದೆ. ಮೊದಲನೆಯದು ಎರಡನೆಯದಕ್ಕಿಂತ ಇಷ್ಟ, ಎರಡನೆಯದು ಮೂರನೆಯದಕ್ಕಿಂತ ಇಷ್ಟ, ಆದರೆ ಮೂರನೆಯದು ಮೊದಲನೆಯದಕ್ಕಿಂತ ಇಷ್ಟ! ನಿಮಗೆ ತಲೆ ಕೆಟ್ಟಿಲ್ಲ. ಜನ ಮತ ಹಾಕುವಾಗ ಹೀಗಾಗಬಹುದು ಅಂತ ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ 1785ರಲ್ಲೇ ತೋರಿಸಿದ್ದ. ಒಂದೇ ತಲೆಯೊಳಗೂ ನಗುವವಳು, ಅಳುವವಳು, ತಪ್ಪು ಹುಡುಕುವವಳು ಅಂತ ಮೂವರು ಇರುತ್ತಾರಲ್ಲ, ಹಾಗಾಗಿ ಅಲ್ಲೂ ಇದು ನಡೆಯುತ್ತದೆ. ಆಗ ಮೂರನ್ನೂ ಪಕ್ಕಕ್ಕಿಟ್ಟು ಎದ್ದುಹೋಗಿ. ಮರುದಿನ ನೋಟ್‌ಬುಕ್ ತೆರೆಯದೆ ಪ್ರತಿಯೊಂದರಿಂದಲೂ ಎಷ್ಟು ದೃಶ್ಯ ನೆನಪಾಗುತ್ತದೆ ಎಣಿಸಿ. ಜಾಸ್ತಿ ನೆನಪಾದದ್ದು ಮೇಲೆ. ಒರಟು ಉಪಾಯ, ಕೆಲಸವಂತೂ ಆಗುತ್ತದೆ. ಜಂಟಿ ಸ್ಥಾನ ಮಾತ್ರ ಕೊಡಬೇಡಿ. ಒಂದು ಸಲ ಕೊಟ್ಟರೆ ಮುಗಿಯಿತು, ಹತ್ತರ ಪಟ್ಟಿಯಲ್ಲಿ ಹದಿನಾರು ಸಿನಿಮಾ ಬಂದು ಕೂರುತ್ತವೆ.

ಡಿಸೆಂಬರ್‌ನಲ್ಲಿ ನೋಡಿದ್ದು ಮೊದಲ ಮೂರರಲ್ಲಿ ಬಂದರೆ ಸ್ವಲ್ಪ ಅನುಮಾನಪಡಿ. ಹೊಸದು ಕಣ್ಣಿಗೆ ದೊಡ್ಡದಾಗಿಯೇ ಕಾಣುತ್ತದೆ. ವರ್ಷದ ಮೊದಲಲ್ಲಿ ನೋಡಿ ಈಗ ಮಸುಕಾಗಿರುವ ಒಂದೆರಡನ್ನು ತೆಗೆದು, ನಡುವಿನ ಇಪ್ಪತ್ತು ನಿಮಿಷ ಮಾತ್ರ ಮತ್ತೆ ನೋಡಿ. ನನ್ನ ಪಟ್ಟಿಯಲ್ಲಿ ಒಂದು ಸಿನಿಮಾ ಹೀಗೆ ಹನ್ನೆರಡರಿಂದ ನಾಲ್ಕಕ್ಕೆ ಹತ್ತಿತು.

ಕೊನೆಗೆ ಪ್ರತಿ ಸಿನಿಮಾದ ಪಕ್ಕ ಒಂದು ವಾಕ್ಯ ಬರೆಯಿರಿ. ಅದ್ಭುತ, ಮನಮುಟ್ಟುವ, ನೋಡಲೇಬೇಕಾದ, ಈ ಮೂರು ಪದ ನನ್ನ ನೋಟ್‌ಬುಕ್‌ನಲ್ಲಿ ನಿಷಿದ್ಧ. "ಅಪ್ಪ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಾ ನಿಂತ ಆ ಅರ್ಧ ನಿಮಿಷ" ಅಂತ ಬರೆಯಬೇಕು. ಹಾಗೆ ಬರೆಯಲು ಏನೂ ಸಿಗದ ಸಿನಿಮಾ ಬೇರೆಯವರ ಮಾತು ಕೇಳಿ ಪಟ್ಟಿಗೆ ಬಂದಿರುತ್ತದೆ. ಕೆಳಗಿಳಿಸಿ.

ಪಟ್ಟಿಯ ಎದುರಿನ ಪುಟ ಖಾಲಿ ಬಿಡಿ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರಿಂದ ಹತ್ತತ್ತು ಚಿತ್ರಗಳ ಹೆಸರು ಕೇಳುತ್ತದೆ. 1962ರಿಂದ 2002ರವರೆಗೆ ಐದು ಸಲವೂ 'ಸಿಟಿಜನ್ ಕೇನ್' ಮೊದಲ ಸ್ಥಾನದಲ್ಲಿತ್ತು. 2012ರಲ್ಲಿ ಆ ಜಾಗಕ್ಕೆ 'ವರ್ಟಿಗೊ' ಬಂತು. 2022ರಲ್ಲಿ ಶಾಂತಾಲ್ ಅಕರ್ಮನ್ 1975ರಲ್ಲಿ ಮಾಡಿದ ಚಿತ್ರ ಬಂತು. ಆ ಚಿತ್ರಗಳು ಇದ್ದ ಹಾಗೇ ಇವೆ, ಬದಲಾದವರು ನೋಡುವವರು. ನಾನು ಪ್ರತಿ ಡಿಸೆಂಬರ್‌ನಲ್ಲಿ ಹೊಸ ಚೀಟಿ ಮಾಡುವ ಮೊದಲು ಹಿಂದಿನ ವರ್ಷದ ಪಟ್ಟಿ ತೆಗೆದು, ಖಾಲಿ ಪುಟದಲ್ಲಿ ಪೆನ್ಸಿಲ್‌ನಿಂದ ಬಾಣ ಹಾಕುತ್ತೇನೆ. ಮೇಲಕ್ಕೆ, ಕೆಳಕ್ಕೆ. ಹಳೆಯದನ್ನು ಅಳಿಸುವುದಿಲ್ಲ. ಹೋದ ವರ್ಷದ ಮೂರನೆಯದರ ಕತೆಯೇ ನನಗೀಗ ಮರೆತುಹೋಗಿದೆ. ಹದಿನಾಲ್ಕಕ್ಕೆ ತಳ್ಳಿದ್ದ ಸಿನಿಮಾದ ಹಾಡೊಂದನ್ನು ಮಾತ್ರ ಬಟ್ಟೆ ಒಣಹಾಕುವಾಗೆಲ್ಲ ಗುನುಗುತ್ತಿರುತ್ತೇನೆ. ಆ ಹದಿನಾಲ್ಕು ತಂಗಿಯ ಪಟ್ಟಿಯಲ್ಲಿ ಆಗಲೇ ಎರಡನೆಯದಾಗಿತ್ತು. ಅವಳಿಗೆ ಇನ್ನೂ ಹೇಳಿಲ್ಲ.