ಅಳಲೆಕಾಯಿ ಮಸಿಯಲ್ಲಿ 1861ರ ಒಂದು ಪತ್ರ: ನನ್ನ ಅನುಭವ

ಮಾಚಿಕಾಯಿ ಇಲ್ಲದೆ ಆ ಕಾಲದ ಮಸಿ ಆಗುವುದಿಲ್ಲ ಎಂದು ನಿಬ್ಬು ಹಿಡಿಯುವ ಗೆಳೆಯರೆಲ್ಲ ಹೇಳಿದ್ದರು. ಆಗುತ್ತದೆ. ನಾನು ಬರೀ ಅಳಲೆಕಾಯಲ್ಲಿ ಮಾಡಿದ್ದೇನೆ, ಎಂಟು ತಿಂಗಳಾದರೂ ಅಕ್ಷರ ಮಾಸಿಲ್ಲ.

ಬರೆದದ್ದು, ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಪಡೆ ನಡೆಸಿದ ರಾಬರ್ಟ್ ಇ. ಲೀ 1861ರ ಜನವರಿ 23ರಂದು ಟೆಕ್ಸಾಸಿನ ಫೋರ್ಟ್ ಮೇಸನ್‌ನಿಂದ ಮಗನಿಗೆ ಕಳಿಸಿದ ಪತ್ರ. ಆಗ ಲೀ ಅಮೆರಿಕದ ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್, ವಯಸ್ಸು 54. ಆ ಯುದ್ಧ ಶುರುವಾದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಲು ಇನ್ನೂ ಹೆಚ್ಚುಕಡಿಮೆ ಮೂರು ತಿಂಗಳಿತ್ತು. ತರಗತಿಯಲ್ಲಿ ಅಂತರ್ಯುದ್ಧದ ಪಾಠಕ್ಕೆ ನಾನು ಜೆರಾಕ್ಸ್ ಹಂಚಿದರೆ ಮಕ್ಕಳು ಮಡಚಿ ಬ್ಯಾಗಿಗೆ ತುರುಕುತ್ತಾರೆ. ಕಾಗದ ಬಿಚ್ಚಿ, ಕೈಬರಹ ಬಿಡಿಸಿ ಓದಲಿ ಎಂಬುದು ನನ್ನ ಹಟ.

ಮೊದಲ ಸಲ ಅಳಲೆಯ ತೂಕದಷ್ಟೇ ಅನ್ನಭೇದಿ (ಮಸಿ ಕಪ್ಪಾಗಿಸುವ ಕಬ್ಬಿಣದ ಲವಣ, ಅಂದರೆ ಫೆರಸ್ ಸಲ್ಫೇಟ್) ಹಾಕಿದೆ. ಬರೆದಾಗ ಕಪ್ಪಗೆ ಚೆನ್ನಾಗಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಕಂದು ತಿರುಗಿ, ಮಡಿಕೆಯಲ್ಲಿ ದಪ್ಪ ಗೀಟುಗಳು ಬಿರುಕು ಬಿಟ್ಟವು. ಎರಡನೇ ಸಲ ಗ್ರಂದಿಗೆ ಅಂಗಡಿಯ ಹಳೇ ಅನ್ನಭೇದಿ, ಹಳದಿ ಹಿಡಿದಿದ್ದು. ನೋಡದೆ ತಂದದ್ದು ನನ್ನ ತಪ್ಪು, ಇಡೀ ಬಾಟಲಿ ಚೆಲ್ಲಿದೆ. ಆಮೇಲೆ ಗೊಬ್ಬರದಂಗಡಿಯ ಫೆರಸ್ ಸಲ್ಫೇಟ್‌ಗೆ ಬಂದೆ. ಹಸಿರು ಹರಳು, ಬೆಲೆಯೂ ಅರ್ಧ. ಮೂರನೇ ಸಲ ಬೂಷ್ಟು ಬಂತು, ಅದಕ್ಕೆ ನಾಲ್ಕು ಲವಂಗ ಸಾಕಾಯಿತು. ಮಸಿಯ ಹುಳಿ ತಿಂದು ಹಾಳಾದ ನಿಬ್ಬು ಹತ್ತಾದರೂ ಇರಬೇಕು. ಎಲ್ಲ ಸೇರಿ ಎರಡೂವರೆ ಸಾವಿರ ಹೋಯಿತು, ಅದರಲ್ಲಿ ಮುಕ್ಕಾಲು ಪಾಲು ಹತ್ತಿಯ ಕಾಗದಕ್ಕೆ.

ಈಗಿನ ಅಳತೆ: ಜಜ್ಜಿದ ಅಳಲೆ ನೂರು ಗ್ರಾಂ, ನೀರು ಮುಕ್ಕಾಲು ಲೀಟರ್, ಆರು ದಿನ ನೆನೆ. ಸೋಸಿ ಮೂವತ್ತು ಗ್ರಾಂ ಫೆರಸ್ ಸಲ್ಫೇಟ್, ಸ್ವಲ್ಪ ಜಾಲಿ ಗೋಂದು. ಬರೆಯುವಾಗ ತೆಳು ಬೂದು ಬಣ್ಣ, ಬೆಳಗಾಗುವಷ್ಟರಲ್ಲಿ ಕಡುಗಪ್ಪು. ಕಾಗದಕ್ಕೆ ಅಕ್ಕಿ ಗಂಜಿ ಬಳಿದು ನುಣುಪು ಕಲ್ಲಿನಲ್ಲಿ ಉಜ್ಜುತ್ತೇನೆ. ಗಂಜಿಗೆ ಏನು ಬೆರೆಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದು ಎರಡು ವರ್ಷದ ಗಳಿಕೆ.

ಮಧ್ಯೆ ಅಡಿಕೆ ಚೊಗರಿನಲ್ಲೂ ನೋಡಿದೆ. ಮನೆಯಲ್ಲಿ ಬೇಕಾದಷ್ಟಿತ್ತು. ಕಪ್ಪಿನೊಳಗೆ ಹಸಿರು ಇಣುಕುತ್ತದೆ, ಈ ಕೆಲಸಕ್ಕೆ ಒದಗದು. ದಾಳಿಂಬೆ ಸಿಪ್ಪೆ ಪರವಾಗಿಲ್ಲ.

ಎಂಟು ಸಲ ಬರೆದ ಮೇಲೆ ಪತ್ರ ಬಾಯಿಪಾಠವಾಗಿದೆ. ಒಕ್ಕೂಟ ಒಡೆಯುವುದಕ್ಕಿಂತ ದೊಡ್ಡ ವಿಪತ್ತು ದೇಶಕ್ಕೆ ಇನ್ನೊಂದಿಲ್ಲ ಎನ್ನುತ್ತಾನೆ. ಪ್ರತ್ಯೇಕವಾಗುವುದೆಂದರೆ ದಂಗೆಯೇ ಎನ್ನುತ್ತಾನೆ. ವಾಷಿಂಗ್ಟನ್ನರ ಜೀವನಚರಿತ್ರೆ ಓದಿ, ತನ್ನ ಶ್ರಮ ಹೀಗೆ ನುಚ್ಚುನೂರಾಗುವುದನ್ನು ಕಂಡರೆ ಆ ಜೀವ ಎಷ್ಟು ನೊಂದೀತು ಎಂದು ಕೊರಗುತ್ತಾನೆ. ಇಷ್ಟು ತಿಳಿದವನು ಗುಲಾಮಗಿರಿ ಉಳಿಸಹೊರಟ ರಾಜ್ಯಗಳ ಪಡೆ ನಡೆಸಿದ್ದನ್ನು ನಾನು ಕ್ಷಮಿಸಲಾರೆ.

ತರಗತಿಯಲ್ಲಿ ಒಬ್ಬ ಹುಡುಗಿ ಅದನ್ನೇ ಕೇಳಿದಳು, "ಹೀಗೆ ಬರೆದವನು ಆ ಕಡೆ ಹೇಗೆ ಹೋದ ಸರ್?" ಕೊನೆಯ ಸಾಲುಗಳನ್ನು ಇನ್ನೊಮ್ಮೆ ಓದು ಎಂದೆ. ಕತ್ತಿ, ಬಯೋನೆಟ್ಟಿನ ಬಲದಿಂದಷ್ಟೇ ಉಳಿಯುವ ಒಕ್ಕೂಟ ನನಗೆ ಹಿಡಿಸದು, ಒಡೆದರೆ ನನ್ನ ರಾಜ್ಯಕ್ಕೆ ಮರಳಿ ನನ್ನ ಜನರ ಕಷ್ಟ ಹಂಚಿಕೊಳ್ಳುತ್ತೇನೆ ಎಂದಿದೆ ಅಲ್ಲಿ. ಅವಳು ಓದಿ, ಪಕ್ಕದವಳಿಗೂ ಬೆರಳಿಟ್ಟು ತೋರಿಸಿದಳು.

ಮುಂದಿನದು ಅದೇ ವರ್ಷ ಏಪ್ರಿಲ್ 20ರಂದು ಲೀ ಅಮೆರಿಕದ ಯುದ್ಧ ಕಾರ್ಯದರ್ಶಿ ಸೈಮನ್ ಕ್ಯಾಮರೂನ್‌ಗೆ ಬರೆದ ಒಂದೇ ವಾಕ್ಯದ ರಾಜೀನಾಮೆ. ಅದಕ್ಕೆ ಅಳಲೆ ನೆನೆಹಾಕಿ ಇವತ್ತಿಗೆ ನಾಲ್ಕು ದಿನ.