ಮೂಲಂಗಿ ಹುಳಿ ನಾತ ಹೊಡೆಯುತ್ತಾ? ಕುಕ್ಕರ್ ಪಕ್ಕಕ್ಕಿಡಿ, ಮೊದ್ಲು ಒಂದು ಚೂರು ತಿಂದು ನೋಡಿ

ಮೊನ್ನೆ ನಮ್ಮಕ್ಕನ ಸೊಸೆ ಮನೆಗೆ ಹೋಗಿದ್ದೆ, ಮೆಟ್ಟಿಲು ಹತ್ತೋವಾಗ್ಲೇ ಗೊತ್ತಾಯ್ತು ಒಳಗೆ ಮೂಲಂಗಿ ಬೇಯ್ತಿದೆ ಅಂತ. ಬೇಳೆ, ಮೂಲಂಗಿ, ಹುಣಸೆರಸ ಎಲ್ಲಾ ಒಟ್ಟಿಗೆ ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿದ್ಲು. ಬೇಳೆಗೆಲ್ಲಾ ವಾಸನೆ ಹತ್ತಿ, ಅವಳ ಮಗ ತಟ್ಟೆ ತಳ್ಳಿ ಎದ್ದೇ ಹೋದ. ಮೂಲಂಗಿ ಅಂದ್ರೇ ಹೀಗೇ ಅಲ್ವಾ ಚಿಕ್ಕಮ್ಮ ಅಂತ ಕೇಳಿದ್ಲು. ಅಲ್ಲ ಕಣೇ.

ಕೊಳ್ಳೋದು: ಕೈಗೆ ಭಾರ ಅನ್ನಿಸ್ಬೇಕು. ಎಲೆ ಇರೋದೇ ತಗೊಳ್ಳಿ, ಒಂದು ದಂಟು ಮುರಿದು ನೋಡಿ, ದಂಟು ಒಳಗೆ ಟೊಳ್ಳಾಗಿದ್ರೆ ಗಡ್ಡೆನೂ ಬೆಂಡಾಗಿರೋ ಸಾಧ್ಯತೆ ಜಾಸ್ತಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವ್ರ ಅರ್ಕಾ ನಿಶಾಂತ್ ಅಂತ ಒಂದು ತಳಿ ಇದೆ, ಖಾರ ಕಮ್ಮಿ, ಬೇಗ ಬೆಂಡಾಗಲ್ಲ, ಕುಂಡದಲ್ಲಿ ಬೆಳೆಯೋರು ಅದನ್ನ ಹುಡುಕಿ.

ರುಚಿ ನೋಡೋದು: ಇದನ್ನ ಯಾರೂ ಮಾಡಲ್ಲ, ಮಾಡ್ಲೇಬೇಕು. ಎಲೆ ಕಡೆಯಿಂದ ಒಂದು ಚೂರು, ಬಾಲದ ಕಡೆಯಿಂದ ಒಂದು ಚೂರು ಹಸಿದೇ ತಿನ್ನಿ. ಮೇಲ್ಗಡೆ ಸಿಹಿ, ಬಾಲ ಖಾರ, ಒಂದೇ ಮೂಲಂಗೀಲಿ ಅಷ್ಟು ವ್ಯತ್ಯಾಸ. ಚಳಿಗಾಲದ್ದು ಸಿಹಿಯಾಗಿರತ್ತೆ, ಏಪ್ರಿಲ್ ಬಿಸಿಲಲ್ಲಿ ಬೆಳೆದಿದ್ದು ಮೂಗಿಗೆ ಹತ್ತತ್ತೆ. ಸಾಸಿವೆ ಅರೆದಾಗ ಬರೋ ಘಾಟು ಇದ್ಯಲ್ಲ, ಇದೂ ಅದೇ ಜಾತಿಯ ಘಾಟು, ಎರಡೂ ಒಂದೇ ಕುಟುಂಬದ ಗಿಡ. ಗಡ್ಡೆ ಒಳಗೆ ಗ್ಲುಕೋಸಿನೋಲೇಟ್ ಅನ್ನೋ ಗಂಧಕದ ಅಂಶ ಒಂದು ಕಡೆ, ಮೈರೋಸಿನೇಸ್ ಅನ್ನೋ ಕಿಣ್ವ ಇನ್ನೊಂದು ಕಡೆ ಸುಮ್ನೆ ಕೂತಿರ್ತವೆ, ನಾವು ಹೆಚ್ಚಿದಾಗ ಎರಡೂ ಸೇರ್ಕೊಂಡು ಖಾರ ಹುಟ್ಟತ್ತೆ. ಅದಕ್ಕೇ ತುರಿದ್ರೆ ಖಾರ ಜಾಸ್ತಿ, ದಪ್ಪ ಬಿಲ್ಲೆ ಮಾಡಿದ್ರೆ ಕಮ್ಮಿ, ಬೇಯಿಸಿದ್ರೆ ಇನ್ನೂ ಕಮ್ಮಿ. ಹಾಗಾಗಿ ಮೇಲಿನ ಭಾಗ ಕೋಸಂಬರಿಗೆ, ನಡುವಿಂದು ಬಾಲದವರೆಗೆ ಹುಳಿಗೆ. ಕೋಸಂಬರಿಗೆ ಉಪ್ಪು ಬಡಿಸೋ ಹೊತ್ತಿಗೆ ಹಾಕಿ, ಮೊದ್ಲೇ ಹಾಕಿದ್ರೆ ನೀರು ಬಿಟ್ಕೊಂಡು ಪಾಯಸ ಆಗತ್ತೆ.

ಈಗ ಬೇಯಿಸೋದು, ಎಲ್ಲರೂ ಎಡವೋದು ಇಲ್ಲೇ. ಅರ್ಧ ಇಂಚಿನ ಬಿಲ್ಲೆ ಮಾಡಿ, ತೆಳ್ಳಗೆ ಬೇಡವೇ ಬೇಡ, ಕರಗಿಹೋಗತ್ತೆ. ಸಿಪ್ಪೆ ಹತ್ರ ಖಾರ ಜಾಸ್ತಿ, ಬೇಸಿಗೆ ಮೂಲಂಗಿ ಆದ್ರೆ ಸ್ವಲ್ಪ ದಪ್ಪಗೇ ಹೆರೀರಿ. ಪಾತ್ರೇಲಿ ಎರಡು ಚಮಚ ಎಣ್ಣೆ, ಬಿಲ್ಲೆ ಹಾಕಿ ನಾಲ್ಕೈದು ನಿಮಿಷ ಬಾಡಿಸಿ. ಮೊದ್ಲು ಗಪ್ಪಂತ ವಾಸನೆ ಏಳತ್ತೆ, ಏಳ್ಲಿ, ಮುಚ್ಚಬೇಡಿ, ಅದು ಹೊರಗೆ ಹೋಗ್ಲಿ ಅಂತಾನೇ ಇಷ್ಟೆಲ್ಲಾ ಮಾಡ್ತಿರೋದು, ಕಿಟಕಿ ತೆಗೀರಿ. ಆಮೇಲೆ ಮುಳುಗೋಷ್ಟು ನೀರು, ಚಿಟಿಕೆ ಅರಿಶಿನ, ಒಂದು ಚೂರು ಬೆಲ್ಲ, ತಟ್ಟೆ ಮುಚ್ಚದೇ ಹತ್ತು ಹನ್ನೆರಡು ನಿಮಿಷ ಕುದೀಲಿ. ಬಿಲ್ಲೆಯ ಅಂಚು ಬಿಳಿ ಬಣ್ಣ ಬಿಟ್ಟು ಗಾಜಿನ ಥರ ಆಗ್ತಾ ಬರತ್ತೆ, ಚಾಕು ತುದಿ ಚುಚ್ಚಿದ್ರೆ ತಡೆಯಿಲ್ದೆ ಇಳೀಬೇಕು. ಅಲ್ಲೀವರೆಗೂ ಹುಣಸೆರಸ ಮುಟ್ಟಬೇಡಿ! ಹುಳಿ ಬಿದ್ದಮೇಲೆ ಮೂಲಂಗಿ ಬೇಗ ಮೆತ್ತಗಾಗಲ್ಲ, ಆಗ ಗ್ಯಾಸ್ ಖರ್ಚು, ಕೂಗಾಟ, ಎರಡೂ ದಂಡ.

ತುಂಬಾ ಖಾರದ ಮೂಲಂಗಿ ಆದ್ರೆ ನೀರಿನ ಬದಲು ಅಕ್ಕಚ್ಚಲ್ಲಿ ಐದು ನಿಮಿಷ ಕುದಿಸಿ ಬಸೀರಿ. ಜಪಾನಿನವ್ರು ಡೈಕಾನ್ ಅಂತ ಕರೆಯೋದು ಈ ಉದ್ದ ಬಿಳಿ ಮೂಲಂಗಿ ಥರದ್ದನ್ನೇ, ಅವ್ರೂ ಸಾರಿಗೆ ಹಾಕೋ ಮುಂಚೆ ಅಕ್ಕಿ ತೊಳೆದ ನೀರಲ್ಲಿ ಬೇಯಿಸ್ಕೋತಾರೆ.

ಬೇಳೆ ಬೇರೆ ಕುಕ್ಕರಲ್ಲಿ ಬೇಯಿಸಿ ಸೇರ್ಸಿ, ನಿಂಬೆಗಾತ್ರದ ಹುಣಸೆ ರಸ, ಉಪ್ಪು, ಹುಳಿಪುಡಿ, ಕಾಯಿ ಅರೆದಿದ್ದು, ಇಂಗಿನ ಒಗ್ಗರಣೆ. ಬಾಟಲಿ ಹುಣಸೆ ಪೇಸ್ಟ್ ಹಾಕೋರು ದಯವಿಟ್ಟು ನಂಗೆ ಹೇಳ್ಬೇಡಿ, ನಾನೊಂದ್ಸಲ ಹಾಕಿ ಇಡೀ ಹುಳಿ ಕರ್ರಗೆ ಕಹಿ ಆಗಿತ್ತು. ರೆಡಿಮೇಡ್ ಪುಡಿ ಬೇಕಾದ್ರೆ ನಡೆಯತ್ತೆ, ಆದ್ರೆ ಚಕ್ಕೆ ಲವಂಗ ಜಾಸ್ತಿ ಇರೋದು ಬೇಡ, ಮೂಲಂಗಿ ರುಚಿನೇ ಸಿಗಲ್ಲ. ಇಳಿಸಿ ಅರ್ಧ ಗಂಟೆ ಬಿಟ್ಟು ಬಡಿಸಿ.

ಸೊಪ್ಪು ಎಸೀಬೇಡಿ, ಆದ್ರೆ ಮನೆಗೆ ತಂದ ತಕ್ಷಣ ಕತ್ತರಿಸಿ ಬೇರೆ ಇಡಿ, ಎಲೆ ಹಾಗೇ ಇದ್ರೆ ಗಡ್ಡೆಯ ನೀರು ಎಳ್ಕೊಂಡು ಎರಡೇ ದಿನಕ್ಕೆ ಬತ್ತಿಸಿಬಿಡತ್ತೆ. ಸೊಪ್ಪಿಂದು ಅವತ್ತೇ ಪಲ್ಯ, ಕಡಲೆಬೇಳೆ ಹಾಕಿ.