ಮಿಲ್ಟ್ರಿ ಮುಗಿಸಿ ಬಂದವರ ಇಂಟರ್‌ವ್ಯೂ: ಅವರು ಕೇಳುವುದು, ನೀವು ಹೇಳಬೇಕಾದದ್ದು

"ಅಲ್ಲಿ ಏನ್ ಕೆಲಸ ಮಾಡ್ತಿದ್ರಿ?" ಅಂತ ಕೇಳಿದರು. "ಡ್ಯೂಟಿ ಮಾಡ್ತಿದ್ದೆ ಸರ್" ಅಂದೆ. ಅಲ್ಲಿಗೆ ನನ್ನ ಮೊದಲ ಇಂಟರ್‌ವ್ಯೂ ಮುಗಿಯಿತು. 17 ವರ್ಷ ಸೇನೆಯಲ್ಲಿ ಸ್ಟೋರ್ ನೋಡಿಕೊಂಡವನು ನಾನು, ಅವರಿಗೆ ಬೇಕಾಗಿದ್ದೂ ಸ್ಟೋರ್ ಕೆಲಸದವನೇ, ಆದರೂ ನನ್ನ ಬಾಯಿಂದ ಬಂದದ್ದು ಆ ಒಂದು ಮಾತು. ಮೇಜಿನ ಆ ಕಡೆ ಕೂತಿದ್ದವರು ನನ್ನ ಸೇವೆಯ ದಾಖಲೆ ಇರುವ ಡಿಸ್ಚಾರ್ಜ್ ಬುಕ್ಕಿನ ಎರಡು ಪುಟ ತಿರುವಿದರು, ಅದರೊಳಗಿನ ಶಾರ್ಟ್ ಫಾರ್ಮ್ ಒಂದೂ ತಿಳಿಯಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಮುಚ್ಚಿ ನನ್ನ ಕಡೆ ಸರಿಸಿದರು. "ಫೋನ್ ಮಾಡ್ತೀವ್ರಿ" ಅಂದರು. ಮಾಡಲಿಲ್ಲ.

ಈಗ ಕಲಬುರಗಿ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಇನ್‌ಚಾರ್ಜ್ ಇದ್ದೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ನನ್ನನ್ನೂ ಕೂರಿಸುತ್ತಾರೆ. ಪೆನ್ಷನ್ ಬಂದ ನಮ್ಮ ಮಂದಿ ಆಳಂದ, ಚಿಂಚೋಳಿ, ಭಾಲ್ಕಿ, ಶಹಾಪುರದಿಂದೆಲ್ಲ ಬರುತ್ತಾರೆ. ಅವರ ಕೈಯಲ್ಲಿ ಕೆಲಸ ಇರುತ್ತದೆ, ಬಾಯಿಗೆ ಬರುವುದಿಲ್ಲ. ಅಂಥವರು ನೌಕರಿ ಸಿಗದೆ ವಾಪಸ್ ಬಸ್ ಹತ್ತುವುದನ್ನು ನೋಡಿದರೆ ಸಂಕಟ ಆಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಂಟರ್‌ವ್ಯೂ ಎಲ್ಲಿ ಇದೆ, ಎಲ್ಲಿ ಇಲ್ಲ ಅನ್ನುವುದನ್ನು ತಿಳಿದುಕೊಳ್ಳಿ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಇಂಟರ್‌ವ್ಯೂ ತೆಗೆದುಹಾಕಿದ್ದಾರೆ. ಸರ್ಕಾರಿ ಬ್ಯಾಂಕಿನ ಕ್ಲರ್ಕ್ ಹುದ್ದೆಗೂ ಪರೀಕ್ಷೆಯೇ. ಅಲ್ಲಿ ಮಾಜಿ ಸೈನಿಕರಿಗೆ ಕ್ಲರ್ಕ್‌ನಲ್ಲಿ ಶೇ 14.5, ಜವಾನರಂಥ ಸಬ್‌ಸ್ಟಾಫ್‌ನಲ್ಲಿ ಶೇ 24.5 ಮೀಸಲಿದೆ, ಅದಕ್ಕೆ ಬೇಕಾದದ್ದು ಲೆಕ್ಕ ಮತ್ತು ಇಂಗ್ಲಿಷ್ ಅಭ್ಯಾಸ. ಎದುರು ಕೂತು ಮಾತಾಡಬೇಕಾದದ್ದು ಖಾಸಗಿಯಲ್ಲಿ. ನಮ್ಮ ಕಡೆ ಅಂದರೆ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು, ಕಲಬುರಗಿಯ ತೊಗರಿ ದಾಲ್ ಮಿಲ್‌ಗಳು, ಯಾದಗಿರಿಯ ಕಡೇಚೂರು ಮತ್ತು ಬೀದರಿನ ಕೊಳಾರದಲ್ಲಿರುವ ಔಷಧ ಕಂಪನಿಗಳು, ಆಸ್ಪತ್ರೆ, ಶಾಲೆ, ಟ್ರಾನ್ಸ್‌ಪೋರ್ಟ್, ಸೆಕ್ಯುರಿಟಿ ಏಜೆನ್ಸಿ.

"ನಿಮ್ಮ ಬಗ್ಗೆ ಹೇಳ್ರಿ"

ಎಲ್ಲ ಕಡೆ ಮೊದಲು ಕೇಳುವುದು ಇದನ್ನೇ, ನಮ್ಮವರು ಸೋಲುವುದೂ ಇಲ್ಲೇ. ನಂಬರ್, ರ್‍ಯಾಂಕ್, ಹೆಸರು, ಯೂನಿಟ್ ಹೇಳಿ ಸುಮ್ಮನಾಗಿಬಿಡುತ್ತಾರೆ. ಸೇನೆಯೊಳಗೆ ಅಷ್ಟೇ ಸಾಕು, ಕೇಳುವವನಿಗೆ ಉಳಿದದ್ದೆಲ್ಲ ತಾನೇ ತಿಳಿಯುತ್ತದೆ. ಸಿವಿಲ್‌ನಲ್ಲಿ ನಾಯಕ್ ದೊಡ್ಡವನೋ ಹವಾಲ್ದಾರ್ ದೊಡ್ಡವನೋ ಅಂತಲೂ ಗೊತ್ತಿರುವುದಿಲ್ಲ.

ಒಮ್ಮೆ ಒಬ್ಬ ಹವಾಲ್ದಾರ್ ಬಂದಿದ್ದರು. "ಕೋತ್ ಎನ್‌ಸಿಓ ಇದ್ದೆ" ಅಂದರು. ಆಯುಧ ಇಡುವ ಕೋಣೆಯ ಉಸ್ತುವಾರಿ ಅಂತ ನನಗೆ ತಿಳಿಯಿತು, ಪಕ್ಕದಲ್ಲಿದ್ದ ಎಚ್‌ಆರ್ ಮೇಡಂಗೆ ತಿಳಿಯಲಿಲ್ಲ. "ಬೆಳಿಗ್ಗೆಯಿಂದ ಸಂಜೆತನಕ ಏನ್ ಮಾಡ್ತಿದ್ರಿ, ಅದನ್ನ ಹೇಳ್ರಿ ಅಣ್ಣಾ" ಅಂದೆ. ಆಮೇಲೆ ಬಂತು ಮಾತು. ಬೀಗ ತೆಗೆಯುವ ಮುಂಚೆ ಸೀಲ್ ನೋಡುವುದು, ರೈಫಲ್ ಕೊಡುವಾಗ ಅದರ ಮೇಲಿನ ನಂಬರ್ ಗಟ್ಟಿಯಾಗಿ ಓದಿ ರಿಜಿಸ್ಟರ್‌ನಲ್ಲಿ ಸಹಿ ತೆಗೆದುಕೊಳ್ಳುವುದು, ಸಂಜೆ ವಾಪಸ್ ಬಂದಾಗ ಅದೇ ನಂಬರನ್ನು ಮತ್ತೆ ಓದುವುದು, ಒಂದು ಕಡಿಮೆ ಬಿದ್ದರೂ ಅದು ಸಿಗುವತನಕ ಯಾರೂ ಅಲ್ಲಿಂದ ಕದಲುವ ಹಾಗಿಲ್ಲ. ಹೇಳುವಾಗ ಅವರ ಬೆರಳು ಮೇಜಿನ ಮೇಲೆ ಇಲ್ಲದ ರಿಜಿಸ್ಟರ್‌ನ ಸಾಲು ಸಾಲಾಗಿ ಇಳಿಯುತ್ತಿತ್ತು. ಮೇಡಂ ಪೆನ್ ಕೆಳಗಿಟ್ಟು ಕೇಳುತ್ತಿದ್ದರು. ನಮ್ಮಲ್ಲಿ ಬೇರಿಂಗ್, ಬೆಲ್ಟ್ ಲೆಕ್ಕ ತಪ್ಪಿ ಆಗುತ್ತಿದ್ದ ತಲೆನೋವು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಅಣ್ಣ ಈಗ ನಮ್ಮಲ್ಲೇ ಇದ್ದಾರೆ.

ಹಾಗಾಗಿ ಮನೆಯಲ್ಲಿ ಕೂತು ನಿಮ್ಮ ಒಂದು ದಿನವನ್ನು ಹಾಳೆಯ ಮೇಲೆ ಬರೆಯಿರಿ. ಅದರಿಂದ ಐದಾರು ಸಾಲು ತೆಗೆಯಿರಿ. ನಾನು ಈಗ ಇಂಟರ್‌ವ್ಯೂಗೆ ಹೋದರೆ ಹೀಗೆ ಹೇಳುತ್ತೇನೆ: "ಊರು ಸೇಡಂ ತಾಲೂಕು. 17 ವರ್ಷ ಸೇನೆಯಲ್ಲಿ ಸ್ಟೋರ್ ಕೆಲಸ ಮಾಡಿದೆ. ಕೊನೆಯ 4 ವರ್ಷ ಬಿಡಿಭಾಗಗಳ ಒಂದು ಸ್ಟೋರ್ ಪೂರ್ತಿ ನನ್ನ ಕೈಯಲ್ಲಿತ್ತು, ಕೈಕೆಳಗೆ 6 ಜನ ಇದ್ದರು. ಮಾಲು ಬಂದರೆ ಎಣಿಸಿ ಲೆಡ್ಜರ್‌ಗೆ ಹತ್ತಿಸುವುದು, ಕೊಟ್ಟರೆ ಸಹಿ ತೆಗೆದುಕೊಳ್ಳುವುದು, ಕಡಿಮೆ ಆಗುವ ಮುಂಚೆಯೇ ತರಿಸುವುದು. ನಿಮ್ಮಲ್ಲೂ ಇದೇ ಕೆಲಸ ಅಂತ ಕೇಳಿ ಬಂದೆ." ಒಂದು ನಿಮಿಷವೂ ಹಿಡಿಯುವುದಿಲ್ಲ.

ಡ್ರೈವರ್ ಆಗಿದ್ದರೆ "ಗಾಡಿ ಓಡಿಸ್ತಿದ್ದೆ" ಅಂತ ನಿಲ್ಲಿಸಬೇಡಿ. ಯಾವ ಗಾಡಿ, ಎಷ್ಟು ವರ್ಷ, ಬೆಟ್ಟದ ರಸ್ತೆಯೋ ಮರಳೋ, ದಿನಾ ಬೆಳಿಗ್ಗೆ ಎಣ್ಣೆ, ನೀರು, ಟೈರ್ ನೋಡಿ ಕಾರ್ ಡೈರಿ (ಗಾಡಿಯ ಲೆಕ್ಕದ ಪುಸ್ತಕ) ತುಂಬುತ್ತಿದ್ದದ್ದು, ಎಲ್ಲ ಹೇಳಿ. ಟ್ರಾನ್ಸ್‌ಪೋರ್ಟ್ ಮಾಲೀಕರಿಗೆ ಗಾಡಿಯನ್ನು ತನ್ನದು ಅಂತ ನೋಡಿಕೊಳ್ಳುವವನು ಬೇಕು. ಸಿವಿಲ್ ಲೈಸೆನ್ಸ್ ಮಾತ್ರ ಸೇವೆಯಲ್ಲಿ ಇರುವಾಗಲೇ ಮಾಡಿಸಿಟ್ಟುಕೊಳ್ಳಿ. ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು ಎಂಐ ರೂಮ್ ಅನ್ನುವ ಬದಲು "ಸಣ್ಣ ಆಸ್ಪತ್ರೆ, ದಿನಕ್ಕೆ ಇಷ್ಟು ರೋಗಿಗಳು, ಡ್ರೆಸ್ಸಿಂಗ್, ಇಂಜೆಕ್ಷನ್" ಅನ್ನಿ.

"ನಾನು ಬರೀ ಜಿಡಿ ಸಿಪಾಯಿ, ನನಗೇನು ಬರುತ್ತದೆ" ಅನ್ನುವ ಜನರಲ್ ಡ್ಯೂಟಿಯವರೇ ಜಾಸ್ತಿ. ಈ ಮಾತು ಕೇಳಿದರೆ ನನಗೆ ತುಂಬಾ ಬೇಸರ. ನೀವು ರಾತ್ರಿ ಗಾರ್ಡ್ ಪಟ್ಟಿ ಹಾಕಿಲ್ಲವಾ? ಹೊಸ ಹುಡುಗರಿಗೆ ಕಲಿಸಿಲ್ಲವಾ? ರೇಡಿಯೊ ಸೆಟ್, ಫಸ್ಟ್ ಏಡ್, ಬೆಂಕಿ ಆರಿಸುವುದು? ಮೂರು ಪಾಳಿ ನಡೆಯುವ ಕಾರ್ಖಾನೆಗೆ ಶಿಫ್ಟ್ ಸೂಪರ್‌ವೈಸರ್ ಆಗಲು ಬೇಕಾದದ್ದು ಬಹುತೇಕ ಇದೇ. 2005ರ ಖಾಸಗಿ ಸೆಕ್ಯುರಿಟಿ ಏಜೆನ್ಸಿ ಕಾಯ್ದೆಯಲ್ಲೂ ಸೇನೆಯಲ್ಲಿ ಇದ್ದವರಿಗೆ ಆದ್ಯತೆ ಕೊಡಬಹುದು ಅಂತ ಬರೆದಿದೆ. ಗೇಟ್ ಕೆಲಸಕ್ಕೆ ಕರೆದರೂ ಸೂಪರ್‌ವೈಸರ್ ಹುದ್ದೆ ಇದೆಯಾ ಅಂತ ಕೇಳಲು ಹಿಂಜರಿಯಬೇಡಿ.

ಒಂದು ಗೆರೆ ಇದೆ. "ಬಾರ್ಡರ್‌ನಾಗ ಏನಾಯ್ತು ಹೇಳ್ರಿ" ಅಂತ ಕುತೂಹಲಕ್ಕೆ ಕೇಳುತ್ತಾರೆ. ಯಾವ ಜಾಗ, ಎಷ್ಟು ಜನ, ಎಷ್ಟು ಆಯುಧ, ಇವು ಯಾವತ್ತೂ ಬಾಯಿಂದ ಬರಬಾರದು. 1923ರ ಅಧಿಕೃತ ರಹಸ್ಯ ಕಾಯ್ದೆ ಪೆನ್ಷನ್ ಬಂದ ಮೇಲೂ ಬಿಡುವುದಿಲ್ಲ. "ಅದನ್ನ ಹೇಳೋ ಹಾಗಿಲ್ಲ ಸರ್, ನನ್ನ ಕೆಲಸದ ಬಗ್ಗೆ ಕೇಳ್ರಿ, ಎಲ್ಲಾ ಹೇಳ್ತೀನಿ" ಅಂದರೆ ಸಾಕು. ಇಷ್ಟು ಹೇಳಿದವನ ಮೇಲೆ ನನಗಂತೂ ನಂಬಿಕೆ ಹೆಚ್ಚುತ್ತದೆ.

"ಯಾಕ ಬಿಟ್ಟು ಬಂದ್ರಿ?"

ಒಪ್ಪಂದದ ವರ್ಷ ಮುಗಿದು ಬಂದಿದ್ದರೆ ಹಾಗೇ ಹೇಳಿ. ಇನ್ನೂ ವರ್ಷ ಇದ್ದಾಗ ಬಂದಿದ್ದರೆ ನಿಜವಾದ ಕಾರಣ ಒಂದೇ ಸಾಲಲ್ಲಿ: "ಅವ್ವಗ ಆರಾಮ ಇರಲಿಲ್ಲ, ಮನೆಯಲ್ಲಿ ನೋಡೋರು ಇರಲಿಲ್ಲ." ಯೂನಿಟ್ಟಿನ ಸಾಹೇಬರನ್ನು ಬೈಯಬೇಡಿ, ನಾಳೆ ನಮ್ಮನ್ನೂ ಹೀಗೇ ಬೈಯುತ್ತಾನೆ ಅಂತ ಎದುರಿನವರಿಗೆ ಅನ್ನಿಸುತ್ತದೆ.

ಅಗ್ನಿವೀರ ಹುಡುಗರಿಗೆ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ: "ನಿಮ್ಮನ್ನ ಯಾಕ ಉಳಿಸಿಕೊಳ್ಳಲಿಲ್ಲ?" ತಲೆ ತಗ್ಗಿಸಬೇಡಿ ತಮ್ಮಾ. 2022ರಲ್ಲಿ ಯೋಜನೆ ತಂದಾಗಲೇ ಹೇಳಿದ್ದು 4 ವರ್ಷ, ಅದರ ಮೇಲೆ ಉಳಿಸಿಕೊಳ್ಳುವುದು ಶೇ 25ರವರೆಗೆ ಮಾತ್ರ ಅಂತ. ಎದುರಿನವರಿಗೆ ಇದು ಗೊತ್ತಿರುವುದಿಲ್ಲ, ನೀವೇ ತಿಳಿಸಿ: "ನಾಲ್ಕು ವರ್ಷಕ್ಕೇ ಸೇರಿದ್ದು ಸರ್, ಪೂರ್ತಿ ಮುಗಿಸಿ ಬಂದೀನಿ. ಅಲ್ಲಿ ಇದನ್ನ ಕಲಿತೆ." ಸರ್ಟಿಫಿಕೇಟ್ ಮುಂದಿಡಿ. 4 ವರ್ಷ ಮುಗಿದಾಗ ಕೈಗೆ ಸಿಗುವ ಸೇವಾ ನಿಧಿಯ ಸುಮಾರು 11.71 ಲಕ್ಷದ ಸುದ್ದಿ ಕೇಳಿದವರು "ರೊಕ್ಕ ಐತಲ್ಲ, ಆರು ತಿಂಗಳಿಗೆ ಬಿಟ್ಟು ಅಂಗಡಿ ಹಾಕ್ತೀರಿ" ಅಂತಲೂ ಅನ್ನಬಹುದು. ಆ ದುಡ್ಡಿನ ಬಗ್ಗೆ ಏನು ಯೋಚಿಸಿದ್ದೀರಿ ಅಂತ ಹೇಳಬೇಕಾಗಿಲ್ಲ. ಈ ಕೆಲಸದಲ್ಲಿ ಎಷ್ಟು ವರ್ಷ ಇರುವ ಮನಸ್ಸಿದೆ ಅನ್ನುವುದನ್ನು ಹೇಳಿ.

ಇನ್ನು "ಪೆನ್ಷನ್ ಬರ್ತದಲ್ಲ, ಇಷ್ಟು ಪಗಾರ ಯಾಕ ಬೇಕು?" ಇದನ್ನು ಕೇಳದ ಮಾಲೀಕನನ್ನು ನಾನು ಕಂಡಿಲ್ಲ. ನಮ್ಮವರು ಸಂಕೋಚಪಟ್ಟು "ಕೊಟ್ಟಷ್ಟು ಕೊಡ್ರಿ" ಅನ್ನುತ್ತಾರೆ, ಆಮೇಲೆ ಅದೇ ಕೆಲಸಕ್ಕೆ ಪಕ್ಕದವನಿಗಿಂತ ಕಡಿಮೆ ಪಗಾರಕ್ಕೆ ದುಡಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪೆನ್ಷನ್ ಹಿಂದಿನ ಸೇವೆಗೆ ಬಂದದ್ದು, ಪಗಾರ ಮುಂದಿನ ಕೆಲಸಕ್ಕೆ. "ಈ ಹುದ್ದೆಗೆ ಬೇರೆಯವರಿಗೆ ಏನು ಕೊಡ್ತೀರೋ ಅದನ್ನೇ ಕೊಡ್ರಿ ಸರ್" ಅನ್ನಿ. ಹೋಗುವ ಮುಂಚೆ ಅಲ್ಲಿ ಕೆಲಸ ಮಾಡುವ ಪರಿಚಯದವರನ್ನು ಕೇಳಿ ಅಂದಾಜು ತಿಳಿದುಕೊಂಡಿರಿ. ಪಿಎಫ್, ಇಎಸ್‌ಐ ಕಡಿತ ಆದ ಮೇಲೆ ಕೈಗೆ ಬರುವುದು ಎಷ್ಟು ಅಂತಲೂ ಅಲ್ಲೇ ಕೇಳಿ.

"ನಿಮಗಿಂತ ಚಿಕ್ಕವರ ಕೈಕೆಳಗೆ ಮಾಡ್ತೀರಾ?" ಇದರ ಉತ್ತರ ನಿಮ್ಮ ಹತ್ತಿರವೇ ಇದೆ. ಹೊಸದಾಗಿ ಬಂದ ಲೆಫ್ಟಿನೆಂಟ್ ಸಾಹೇಬರಿಗೆ ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸು, ನಿಮಗೆ ಮೂವತ್ತೈದು, ಆದರೂ ಅವರ ಮಾತು ಕೇಳಿಲ್ಲವಾ, ಕೆಲವೊಮ್ಮೆ ಅವರಿಗೆ ಕಲಿಸಿಯೂ ಇಲ್ಲವಾ? ಅದನ್ನೇ ಹೇಳಿ.

"ಮಿಲ್ಟ್ರಿಯವರಿಗೆ ಸಿಟ್ಟು ಜಾಸ್ತಿ ಅಂತಾರ." ಈ ಮಾತಿಗೇ ಸಿಟ್ಟು ಬಂದರೆ ಆಟ ಅಲ್ಲಿಗೇ ಮುಗಿಯಿತು. ನಿಮ್ಮ ಕೈಕೆಳಗಿನವನೊಬ್ಬ ತಪ್ಪು ಮಾಡಿದಾಗ ಹೇಗೆ ಸರಿಪಡಿಸಿದಿರಿ ಅಂತ ಒಂದು ಘಟನೆ ಹೇಳಿ, ನಿಧಾನವಾಗಿ. ಮಿಲ್ಟ್ರಿ ಕ್ಯಾಂಟೀನ್ ಮದ್ಯದ ಬಾಟಲಿ ಕೊಡಿಸ್ತೀರಾ ಅಂತ ನಗುತ್ತಾ ಕೇಳುವವರೂ ಇದ್ದಾರೆ. "ಕಾರ್ಡ್ ನನ್ನ ಸ್ವಂತಕ್ಕೆ ಮಾತ್ರ ಸರ್" ಅಂತ ನೀವೂ ನಗುತ್ತಲೇ ಹೇಳಿ ಮುಂದೆ ಹೋಗಿ. ಇಲ್ಲಿ ಒಮ್ಮೆ ಹೂಂ ಅಂದರೆ ನೌಕರಿ ಪೂರ್ತಿ ಅದೇ ಕಾಟ.

ಕಂಪ್ಯೂಟರ್ ಬರುತ್ತದಾ ಅಂದರೆ ಸುಳ್ಳು ಹೇಳಬೇಡಿ, ಅಲ್ಲೇ ಕೂರಿಸಿ ಟೈಪ್ ಮಾಡಿಸುತ್ತಾರೆ. ಸೇವೆಯಲ್ಲಿ ಇನ್ನೂ ಒಂದು ವರ್ಷ ಇದ್ದರೆ ಡಿಜಿಆರ್ (ಮಾಜಿ ಸೈನಿಕರ ಪುನರ್ವಸತಿ ನೋಡಿಕೊಳ್ಳುವ ರಕ್ಷಣಾ ಇಲಾಖೆಯ ಕಚೇರಿ) ನಡೆಸುವ ಕೋರ್ಸ್‌ಗೆ ಈಗಲೇ ಹೆಸರು ಕೊಡಿ, "ಸಿವಿಲ್ ಅನುಭವ ಇಲ್ಲ" ಅನ್ನುವ ಮಾತಿಗೆ ಆ ಸರ್ಟಿಫಿಕೇಟ್ ಒಳ್ಳೆಯ ಉತ್ತರ. ಈಗಾಗಲೇ ಬಂದುಬಿಟ್ಟಿದ್ದರೆ ಊರಲ್ಲೇ ಎಕ್ಸೆಲ್ ಕಲಿಯಿರಿ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಹೆಸರು ನೋಂದಾಯಿಸುವುದನ್ನೂ ಮರೆಯಬೇಡಿ. ಎಸ್‌ಎಸ್‌ಎಲ್‌ಸಿ ಪಾಸಾಗಿ 15 ವರ್ಷ ಸೇವೆ ಮಾಡಿದ್ದರೆ ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ಅದನ್ನು ಪದವಿಗೆ ಸಮ ಅಂತ ನೋಡುತ್ತಾರೆ. ಖಾಸಗಿಯವರು ಒಪ್ಪಲೇಬೇಕು ಅಂತಿಲ್ಲ, ಆದರೂ ಆ ಕಾಗದ ತೋರಿಸಿ.

ಭಾಷೆಯನ್ನು ಯಾರೂ ಹೇಳಿಕೊಳ್ಳುವುದೇ ಇಲ್ಲ. ನಮ್ಮ ಮೂರು ಜಿಲ್ಲೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಇದೆ. ಕಾರ್ಖಾನೆಗಳಿಗೆ ಬಿಹಾರ, ಒಡಿಶಾದಿಂದ ಕೂಲಿಯವರು ಬರುತ್ತಾರೆ. 15 ವರ್ಷ ಹಿಂದಿಯಲ್ಲೇ ಬದುಕಿದ ನೀವು ಅವರನ್ನೂ ನಡೆಸಬಲ್ಲಿರಿ, ಹಳ್ಳಿಯ ರೈತನ ಹತ್ತಿರವೂ ಮಾತಾಡಬಲ್ಲಿರಿ. ಕೇಳದಿದ್ದರೂ ಹೇಳಿ.

ಇಂಟರ್‌ವ್ಯೂ ಹಿಂದಿನ ರಾತ್ರಿ ಊಟ ಆದ ಮೇಲೆ ನಿಮ್ಮ ಆ ಒಂದು ನಿಮಿಷದ ಮಾತನ್ನು ಮನೆಯವರ ಮುಂದೆ ಹೇಳಿ. ನಾನು ಎರಡನೇ ಇಂಟರ್‌ವ್ಯೂಗೆ ಹೋಗುವ ಮುಂಚೆ ಹೆಂಡತಿಗೆ ಹೇಳಿದೆ. 17 ವರ್ಷ ಫೋನಿನಲ್ಲೇ ಸಂಸಾರ ನಡೆಸಿದವಳು, ರೊಟ್ಟಿ ಬಡಿಯುವುದು ನಿಲ್ಲಿಸಿ ನನ್ನ ಮುಖ ನೋಡಿ ಕೇಳಿದಳು: "ಅಲ್ಲೆ ಇದನ್ನ ಮಾಡ್ತಿದ್ರೇನ್ರಿ ನೀವು?"